ಎಪ್ಪತ್ತೈದರ ಮಗ್ಗಿ

ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿ ಕೂತೆ. ಪಕ್ಕದಲ್ಲಿ ಹೈಸ್ಕೂಲ್ ಯೂನಿಫಾರ್ಮಿನ ಒಬ್ಬ ಹುಡುಗಿ. ಬಸ್ಸು ಬಿಡುವ ಮುಂಚೆಯೇ ಫೋನಿನಲ್ಲಿ ಅಮ್ಮನಿಗೆ ತೆಲುಗಿನಲ್ಲಿ ಬಸ್ಸು ಹತ್ತಿದ ಸುದ್ದಿ ಮುಟ್ಟಿಸಿದಳು. ಕಿಟಕಿಗೆ ಬಂದ ಸೌತೆಕಾಯಿಯವನ ಜೊತೆ "ಕಿತ್ತೇಕು ಭಾಯಿ?" ಅಂತ ಚೌಕಾಸಿಗಿಳಿದಳು. ಕಂಡಕ್ಟರ್ ಬಂದಾಗ ಆಧಾರ್ ಕಾರ್ಡು ಚಾಚಿ "ಒಂದ್ ಮಸ್ಕಿ ಕೊಡ್ರಿ" ಅಂದಳು. ಇಷ್ಟೆಲ್ಲ ಐದು ನಿಮಿಷದೊಳಗೆ. ಇದು ದೊಡ್ಡ ವಿದ್ಯೆ ಅಂತ ಅವಳಿಗೂ ಅನ್ನಿಸಿರಲಿಲ್ಲ, ಬಸ್ಸಿನಲ್ಲಿದ್ದ ಬೇರೆ ಯಾರಿಗೂ ಅನ್ನಿಸಿರಲಿಲ್ಲ.

"ಯಾವ ಸಬ್ಜೆಕ್ಟ್ ಸೇರ್ತೈತಿ ತಂಗಿ?" ಅಂತ ಕೇಳಿದೆ. ನಮ್ಮ ಕಡೆ ಪಾಠ ಇಷ್ಟವಾಗುವುದಿಲ್ಲ, ಸೇರುತ್ತದೆ. ಊಟದ ಹಾಗೆ. ಸೇರದಿದ್ದರೆ ತಟ್ಟೆ ದೂಡುವ ಹಾಗೆ ಪುಸ್ತಕ ದೂಡುತ್ತೇವೆ.

"ಕನ್ನಡ ಸೇರ್ತೈತ್ರಿ. ಹಿಂದಿ ಸೇರಂಗಿಲ್ಲ."

ತೆಲುಗು ಮನೆಯ ಹುಡುಗಿ ಗಣಿತ ಅನ್ನುತ್ತಾಳೆ ಅಂದುಕೊಂಡಿದ್ದೆ. ಕನ್ನಡ ಯಾಕೆ ಅಂದರೆ, "ಮನ್ಯಾಗ ಕನ್ನಡ ಓದಾಕ ನನಗೊಬ್ಬಾಕಿಗೇ ಬರೋದ್ರಿ. ಪಹಣಿ ಬಂದ್ರೂ, ಬ್ಯಾಂಕಿನ ಕಾಗದ ಬಂದ್ರೂ ತಾತಯ್ಯ ನನ್ನೇ ಕರೀತಾನ." ತಾತಯ್ಯನಿಗೆ ತೆಲುಗು ಅಕ್ಷರ ಚೆನ್ನಾಗಿ ಗೊತ್ತು. ಕನ್ನಡದ್ದನ್ನು ಅದರ ತಮ್ಮ ಅಂತ ಗುರುತು ಹಿಡಿದು ಅರ್ಧ ಓದಿಬಿಡುತ್ತಾನಂತೆ. 'ಕ', 'ತ', 'ಶ' ಬಂದಾಗ ಮಾತ್ರ ಬೆರಳು ನಿಲ್ಲುತ್ತದಂತೆ. ಅಲ್ಲಿ ಇವಳು ಟೀಚರು. ಹದಿನಾಲ್ಕು ವರ್ಷದ ಹುಡುಗಿಗೆ ಮನೆಯಲ್ಲಿ ಇಂಥ ಹುದ್ದೆ ಕೊಡಿಸಿದ ಪಾಠ ಸೇರದೇ ಇನ್ನೇನು! ಅದಕ್ಕೆ 125 ಅಂಕ ಬೇರೆ.

ಈ ಅಂಕಣಕ್ಕೆ 'ಗಡಿನಾಡು' ಅಂತ ಹೆಸರಿದೆಯಲ್ಲ, ಸಿಂಧನೂರು, ಮಸ್ಕಿ, ಲಿಂಗಸುಗೂರು ಅನ್ನುವ ನಮ್ಮ ಮೂರು ಊರುಗಳಲ್ಲಿ ಗಡಿ ಎಲ್ಲಿ ಅಂತ ಕೆಲವರು ಕೇಳುತ್ತಾರೆ. ಪಕ್ಕದ ರಾಜ್ಯ ನೋಡಬೇಕಾದರೆ ನಾವೂ ಬಸ್ಸು ಹಿಡಿಯಬೇಕು, ನಿಜ. ಆದರೆ 1956ರ ನವೆಂಬರ್ 1ರ ತನಕ ನಾವು ಹೈದರಾಬಾದ್ ರಾಜ್ಯದವರು. ಕಚೇರಿಯ ಮಾತು ಉರ್ದು, ಓಣಿಯ ಮಾತು ಕನ್ನಡ, ಬಜಾರಿನ ಮಾತು ದಖನಿ. ತುಂಗಭದ್ರಾ ಅಣೆಕಟ್ಟು ಕಟ್ಟಿ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ಸಿಂಧನೂರಿನ ಸುತ್ತ ಕ್ಯಾಂಪು ಹೂಡಿದರು. ಕ್ಯಾಂಪು ಊರಾಯಿತು, ಹೆಸರು ಮಾತ್ರ ಕ್ಯಾಂಪೇ ಉಳಿಯಿತು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಆರ್.ಎಚ್., ಅಂದರೆ ಪುನರ್ವಸತಿ, ಕ್ಯಾಂಪುಗಳಾದವು. ಹೀಗಾಗಿ ಒಂದೇ ಮಗ್ಗಿಗೆ ಸಿಂಧನೂರು ತಾಲ್ಲೂಕಿನಲ್ಲಿ ನಾಲ್ಕು ಹೆಸರು. ನಮಗೆ ಮಗ್ಗಿ, ತೆಲುಗರಿಗೆ ಎಕ್ಕಾಲು, ಮುಸ್ಲಿಮರ ಮನೆಯಲ್ಲಿ ಪಹಾಡಾ, ಬಂಗಾಳಿಗಳಿಗೆ ನಾಮ್ತಾ. ಎರಡೆರಡ್ಲೆ ನಾಲ್ಕು ಅನ್ನುವುದರಲ್ಲಿ ಮಾತ್ರ ಜಗಳವಿಲ್ಲ.

ಹುಡುಗಿಗೆ ಹಿಂದಿ ಯಾಕೆ ಸೇರುವುದಿಲ್ಲ ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಅವಳೇ ಹೇಳಿದಳು: "ಬಜಾರ್‌ನ್ಯಾಗ ಮಾತಾಡೋದು ಬರದ್ರ ಸರ್ ಕೆಂಪು ಗೆರಿ ಎಳೀತಾರ್ರಿ."

ಆ ಕೆಂಪು ಗೆರೆ ನನಗೂ ಹಳೆಯ ಪರಿಚಯ. ಒಂಬತ್ತನೇ ತರಗತಿಯ ಆರು ತಿಂಗಳ ಪರೀಕ್ಷೆಯಲ್ಲಿ 'ನಾನು ರೊಟ್ಟಿ ತಿಂದೆ' ಅನ್ನುವುದಕ್ಕೆ ಹಿಂದಿ ಬರೆಯಬೇಕಿತ್ತು. ಹುಟ್ಟಿದಾಗಿನಿಂದ ಕೇಳಿದ ಮಾತು, ಕಣ್ಣು ಮುಚ್ಚಿ ಬರೆದೆ: 'ಮೈ ರೋಟೀ ಖಾಯಾ'. ಸರ್ ಅದನ್ನು ಹೊಡೆದು ಪಕ್ಕದಲ್ಲಿ 'ಮೈಂನೇ ರೋಟೀ ಖಾಯೀ' ಅಂತ ಬರೆದಿದ್ದರು. ತಿಂದವನು ನಾನು, ಗಂಡುಮಗ. 'ಖಾಯೀ' ಯಾಕಾಯಿತು ಅಂದರೆ ರೊಟ್ಟಿ ಹೆಣ್ಣಂತೆ. ಅವ್ವನಿಗೆ ಇದನ್ನು ಹೇಳಿದೆ. ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ, "ಹೆಣ್ಣಿದ್ದದ್ದಕ್ಕೇ ಸುಡಾಕತ್ತೀನಿ ತಗಾ" ಅಂದಳು.

ಆ ಪರೀಕ್ಷೆಯಲ್ಲಿ ನನಗೆ ಬಿದ್ದದ್ದು 41. ದಖನಿಯನ್ನೇ ಮನೆಮಾತಾಗಿ ಆಡುತ್ತಿದ್ದ ನನ್ನ ಬೆಂಚಿನ ಗೆಳೆಯನಿಗೆ 38. ಹಿಂದಿಯಲ್ಲಿ ಒಂದು ಲೋಟ ನೀರು ಕೇಳಲಾರದ, ಆದರೆ ಗೈಡನ್ನು ಪೂರಾ ಬಾಯಿಪಾಠ ಮಾಡಿದ್ದ ಹುಡುಗ 81 ತೆಗೆದ. ನಮ್ಮಿಬ್ಬರಿಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಈಗ ಗೊತ್ತು, ನಾವು ಬರೆದದ್ದು ಕೆಟ್ಟ ಹಿಂದಿಯಲ್ಲ, ಒಳ್ಳೆಯ ದಖನಿ. ಆ 'ನೇ' ದಖನಿಗೆ ಬೇಕಿಲ್ಲ. ತಿಂದವನು ಗಂಡಾದರೆ ಕ್ರಿಯೆಯೂ ಗಂಡೇ, ನಮ್ಮ ಕನ್ನಡದ ಹಾಗೆ. 'ಹೋಗ್ತೀನಿ ಅಂತ ಹೇಳಿದ' ಅನ್ನುವುದನ್ನು ದಖನಿಯವರು 'ಜಾತೂಂ ಬೋಲ್ಕೆ ಬೋಲ್ಯಾ' ಅನ್ನುತ್ತಾರೆ. ಒಂದೊಂದು ಶಬ್ದ ತೆಗೆದು ಕನ್ನಡದ್ದು ಇಟ್ಟು ನೋಡಿ, ಸಾಲು ಅಲುಗುವುದಿಲ್ಲ. ಶಬ್ದ ಉತ್ತರದ್ದು, ಎಲುಬು ಇಲ್ಲಿಯದು. ಇದೇನು ಗಾಡಿ ಹೊಡೆಯುವವರ ಹರಕು ಭಾಷೆಯೂ ಅಲ್ಲ. ರಾಯಚೂರು, ಮುದಗಲ್ಲುಗಳನ್ನು ಆಳಿದ ವಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ 'ಕಿತಾಬ್-ಎ-ನವರಸ್' ಬರೆದದ್ದು ದಖನಿಯಲ್ಲಿ. ಅವನೂ ನಮ್ಮ ಸರ್ ಕೈಗೆ ಸಿಕ್ಕಿದ್ದರೆ ಕೆಂಪು ಗೆರೆ ತಪ್ಪುತ್ತಿರಲಿಲ್ಲ.

ಕನ್ನಡ ಪಾಠದಲ್ಲಿ ನಮಗೆ ನ್ಯಾಯ ಸಿಕ್ಕಿತೇ? ಅಲ್ಲೂ 'ಹೋಗಾಕತ್ತೀನಿ' ಬರೆದರೆ ತಪ್ಪು, 'ಹೋಗುತ್ತಿದ್ದೇನೆ' ಸರಿ. ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ ಸೀಮೆಗೆ ಕೊಪಣ ಒಂದು ಮೂಲೆ. ಅದು ಇವತ್ತಿನ ಕೊಪ್ಪಳ, 1997ರ ತನಕ ನಮ್ಮ ರಾಯಚೂರು ಜಿಲ್ಲೆಯದೇ ತಾಲ್ಲೂಕು. ಈ ಪಾಠವನ್ನು ನಮಗೆ ಮಾಡಿದ್ದೂ, ಅದೇ ತಾಸಿನಲ್ಲಿ "ಶುದ್ಧ ಕನ್ನಡ ಮಾತಾಡಲೇ" ಅಂತ ಗದರಿಸಿದ್ದೂ ಒಬ್ಬರೇ ಮಾಸ್ತರು. ಹೆಚ್ಚಾದ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬಾ ಅಂತ ಗಂಡನನ್ನು ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ವಚನ ಪುಸ್ತಕದಲ್ಲಿತ್ತು. ಆ ದಂಪತಿಗಳ ಊರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅಂತ ತಿಳಿದದ್ದು ಶಾಲೆ ಬಿಟ್ಟು ಎಷ್ಟೋ ವರ್ಷಕ್ಕೆ. ಅಮರೇಶ್ವರನ ಜಾತ್ರೆಗೆ ಮಾತ್ರ ಪ್ರತಿವರ್ಷ ಹೋಗುತ್ತಿದ್ದೆವು.

ನನಗೆ ಸೇರಿದ್ದು ಗಣಿತ. ಅದಕ್ಕೆ ಕಾರಣ ಶಾಲೆಯಲ್ಲ, ನಮ್ಮಜ್ಜ, ಮುತ್ಯಾ.

ಮುತ್ಯಾ ಓದಿದ್ದು ನಿಜಾಮರ ಕಾಲದ ಲಿಂಗಸುಗೂರಿನಲ್ಲಿ, ಉರ್ದುವಿನಲ್ಲಿ. ಒಂದು ಕಾಲಕ್ಕೆ ಲಿಂಗಸುಗೂರೇ ಜಿಲ್ಲೆಯಾಗಿತ್ತು. 1905ರಲ್ಲಿ ಅದನ್ನು ಒಡೆದು ಹಂಚಿದ ಸಂಕಟ ಮುತ್ಯಾನಿಗೆ ತಾನು ಹುಟ್ಟುವ ಮುಂಚಿನದಾದರೂ ಸ್ವಂತದ್ದೇ. ಅವನಿಗೆ ಗಣಿತ ಅನ್ನುವ ಶಬ್ದ ಬಾಯಿಗೆ ಬರುತ್ತಿರಲಿಲ್ಲ, 'ಹಿಸಾಬು' ಅನ್ನುತ್ತಿದ್ದ. ಭೂಗೋಳ 'ಜುಗ್ರಾಫಿಯಾ', ಇತಿಹಾಸ 'ತಾರೀಖು'. ಜೀವಮಾನವೆಲ್ಲ ಕನ್ನಡ ಮಾತಾಡಿದವನು ನೋಟು ಎಣಿಸುವಾಗ ಮಾತ್ರ ತುಟಿಯಲ್ಲಿ 'ಏಕ್, ದೋ' ಅನ್ನುತ್ತಿದ್ದ. ಮನುಷ್ಯ ಎಣಿಸಲು ಕಲಿತ ಭಾಷೆ ಬಿಟ್ಟು ಹೋಗುವುದಿಲ್ಲ ಅಂತ ಕಾಣುತ್ತದೆ.

ಅವನ ಮೆಚ್ಚಿನ ಲೆಕ್ಕ ಒಂದಿತ್ತು. ಹೈದರಾಬಾದಿಗೆ ಅದರದೇ ರೂಪಾಯಿ, ಹಾಲಿ ಸಿಕ್ಕಾ. ಬ್ರಿಟಿಷರದ್ದು ಕಲ್ದಾರ. ತುಂಗಭದ್ರೆ ದಾಟಿ ಬಳ್ಳಾರಿ ಸೀಮೆಗೆ ಎತ್ತು ಕೊಳ್ಳಲು ಹೋಗುವವನು ಹಾಲಿ ಕೊಟ್ಟು ಕಲ್ದಾರ ತಗೊಳ್ಳಬೇಕು. ಏಳು ಹಾಲಿಗೆ ಆರು ಕಲ್ದಾರದ ಆಸುಪಾಸು. "ನೂರು ಕಲ್ದಾರಕ್ಕ ಹಾಲಿ ಎಷ್ಟಲೇ?" ಅಂತ ಕೇಳಿ, ನಾವು ಬಳಪ ಹುಡುಕುವಷ್ಟರಲ್ಲಿ ತಾನೇ "ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ" ಅಂದುಬಿಡುತ್ತಿದ್ದ. ಅವನು ಓದಿದ ಭಾಷೆಗೆ ಕಚೇರಿಯಲ್ಲಿ ಬೆಲೆ ಹೋಯಿತು, ಆ ರೂಪಾಯಿಯೂ ಹೋಯಿತು. ಲೆಕ್ಕ ಮಾತ್ರ ಅವನ ಜೊತೆ ಉಳಿದಿತ್ತು.

ನಮ್ಮ ಶಾಲೆಯ ಗಣಿತ ಇಪ್ಪತ್ತರ ಮಗ್ಗಿಗೆ ನಿಲ್ಲುತ್ತಿತ್ತು. ಮುತ್ಯಾನ ಮಗ್ಗಿ ಒಂದಕ್ಕಿಂತ ಕೆಳಗೆ ಶುರುವಾಗುತ್ತಿತ್ತು: ಕಾಲು, ಅರೆ, ಮುಕ್ಕಾಲು, ಆಮೇಲೆ ಸವ್ವಾ, ದೀಡ, ಅಡೀಚ. ಸವ್ವಾ ಅಂದರೆ ಒಂದೂಕಾಲು, ದೀಡ ಒಂದೂವರೆ, ಅಡೀಚ ಎರಡೂವರೆ. 'ದೀಡ್ ಶಾಣ್ಯಾ' ಅಂತ ಬೈಯುತ್ತಾರಲ್ಲ, ನಮಗೆ ಅದು ಬೈಗುಳಕ್ಕೆ ಮುಂಚೆ ಮಗ್ಗಿ.

ಇದರ ಉಪಯೋಗ ಕಂಡದ್ದು ಸಿಂಧನೂರಿನಲ್ಲಿ, ಕ್ಯಾಂಪಿನ ಗೆಳೆಯನ ಜೊತೆ. ಅವನು ಬೀಜಗಣಿತದಲ್ಲಿ ಎರಡು ಸಲ ಮುಗ್ಗರಿಸಿದವನು. 'ಎಕ್ಸ್' ಅಂದರೆ ಏನು ಅಂತ ಕಡೆತನಕ ನಂಬಲಿಲ್ಲ. ಆದರೆ ಅವರಪ್ಪನ ಭತ್ತದ ಅಂಗಡಿಯಲ್ಲಿ ಕೂತರೆ ಬೇರೆಯೇ ಹುಡುಗ. ಅಲ್ಲಿ ಭತ್ತದ ಚೀಲ 75 ಕೆ.ಜಿ.ಯದು. ಕ್ವಿಂಟಲ್ಲೂ ಅಲ್ಲ, ಅರ್ಧ ಕ್ವಿಂಟಲ್ಲೂ ಅಲ್ಲ. ಲಾರಿಯಿಂದ ಚೀಲ ಇಳಿಯುತ್ತಿದ್ದ ಹಾಗೆ ತೆಲುಗಿನಲ್ಲಿ ಎಪ್ಪತ್ತೈದರ ಎಕ್ಕ ಗುನುಗುತ್ತಿದ್ದ. ನಾನು ಪಕ್ಕದಲ್ಲಿ ಕೂತು ಮುತ್ಯಾನ ಮುಕ್ಕಾಲು ಮಗ್ಗಿ ಹೇಳುತ್ತಿದ್ದೆ: ಹದಿನಾರು ಮುಕ್ಕಾಲ್ಲೆ ಹನ್ನೆರಡು. ಹದಿನಾರು ಚೀಲ, ಹನ್ನೆರಡು ಕ್ವಿಂಟಲ್. ಇಬ್ಬರೂ ಒಂದೇ ಕಡೆ ಬಂದು ಮುಟ್ಟುತ್ತಿದ್ದೆವು. ಹಮಾಲಿ ಕಳೆದು, ಕಮಿಷನ್ ಕಳೆದು, ತೇವಕ್ಕೆ ಕೇಜಿ, ಎರಡು ಕೇಜಿ ಬಿಟ್ಟು, ರೈತನ ಕೈಗೆ ಚೀಟಿ ಕೊಡುವಾಗ ಗೆಳೆಯನ ಮುಖ ನೋಡಬೇಕಿತ್ತು. ಆ ಚೀಟಿಗೆ ನೂರಕ್ಕೆ ಮೂವತ್ತೈದು ಕೊಡುವ ಮಾಸ್ತರು ಯಾರಿದ್ದಾರೆ?

ನನಗೆ ಸೇರದಿದ್ದದ್ದು ಹಿಂದಿ ಒಂದೇ ಅಲ್ಲ, ಸಮಾಜ ಪಾಠವೂ. ಮುತ್ಯಾನ 'ತಾರೀಖು' ಶಬ್ದಕ್ಕೆ ಇಸವಿ-ದಿನಾಂಕ ಅಂತಲೂ ಅರ್ಥವಿದೆಯಲ್ಲ, ನಮ್ಮ ಇತಿಹಾಸ ಪಾಠದಲ್ಲಿ ಇದ್ದದ್ದು ಆ ತಾರೀಖು ಒಂದೇ. ಅಶೋಕ ಕಳಿಂಗ ಯುದ್ಧ ಮಾಡಿದ, ಮರ ನೆಡಿಸಿದ, ಬಾವಿ ತೋಡಿಸಿದ. ಎರಡು ಅಂಕ. 'ಅಶೋಕ ಎಂಬ ಹೆಸರಿರುವ ಶಾಸನ ಮಸ್ಕಿಯಲ್ಲಿದೆ' ಅಂತ ಒಂದು ಸಾಲು ಬಂದಾಗ ಇಡೀ ಕ್ಲಾಸು ತಲೆ ಎತ್ತಿ, "ನಮ್ಮೂರು!" ಅಂದಿತು. ಸರ್ "ಹೂಂ, ಮುಂದ" ಅಂದು ಪುಟ ತಿರುವಿದರು. ಗುಡ್ಡ ಕಿಟಕಿಯಲ್ಲೇ ಕಾಣುತ್ತಿತ್ತು. ಶಾಸನದ ಬಂಡೆಯ ಬುಡದಲ್ಲಿ ನಾವು ಆಡು ಮೇಯಿಸುವ ಹುಡುಗರ ಜೊತೆ ಗೋಲಿ ಆಡಿದ್ದೆವು. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆ ಶಾಸನವನ್ನು ಹೊರಗೆ ತೋರಿಸಿದವನೂ ಇತಿಹಾಸದ ಮಾಸ್ತರಲ್ಲ. ಹಟ್ಟಿ ಕಡೆಯ ಈ ನೆಲವೆಲ್ಲ ಚಿನ್ನದ ಗೆರೆ ಇರುವ ನೆಲ. 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಅಕ್ಷರ ಬಿತ್ತು. ಪ್ರಿನ್ಸೆಪ್ ಅನ್ನುವ ವಿದ್ವಾಂಸ 1837ರ ಹೊತ್ತಿಗೆ ಶಾಸನಗಳ ಬ್ರಾಹ್ಮಿ ಲಿಪಿ ಓದಿದ್ದ. ಆದರೆ ಆ ತನಕ ಸಿಕ್ಕ ಶಾಸನಗಳಲ್ಲೆಲ್ಲ ರಾಜನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ. ಅಶೋಕ ಅಂತ ಖುದ್ದು ಹೆಸರು ಮೊದಲು ಓದಿಸಿದ್ದು ನಮ್ಮ ಬಂಡೆ.

ಹೋದ ಬೇಸಿಗೆಯಲ್ಲಿ, ನಲವತ್ತು ವರ್ಷ ತಡವಾಗಿ, ಗುಡ್ಡ ಹತ್ತಿದೆ. ಪುಸ್ತಕದಿಂದ ಶಾಸನದ ಪಾಠ ಬರೆದುಕೊಂಡು ಹೋಗಿದ್ದೆ. ಪುರಾತತ್ವ ಇಲಾಖೆಯ ಫಲಕದ ಹತ್ತಿರ ನೆರಳಿಗೆ ಕೂತು ಓದಿದೆ. ಭಾಷೆ ಪ್ರಾಕೃತ, ಒಂದಕ್ಷರ ತಿಳಿಯಬಾರದು. ಅಶೋಕ ಹೇಳುತ್ತಿರುವುದು, ತಾನು ಬುದ್ಧನ ಉಪಾಸಕನಾಗಿ ಇಷ್ಟು ವರ್ಷವಾಯಿತು ಅಂತ. ಆ 'ಇಷ್ಟು' ಅನ್ನುವ ಜಾಗದಲ್ಲಿರುವ ಶಬ್ದ 'ಅಢತಿಯಾನಿ'. ಅರ್ಧ ಮತ್ತು ತೃತೀಯ ಸೇರಿದ್ದು: ಎರಡು ಪೂರಾ, ಮೂರನೆಯದು ಅರ್ಧ. ಸವೆದು ಸವೆದು ಹಿಂದಿಯಲ್ಲಿ 'ಢಾಯಿ' ಆದದ್ದು, ಮರಾಠಿಯಲ್ಲಿ 'ಅಡೀಚ' ಆದದ್ದು ಇಂಥದೇ ಶಬ್ದ. ಕ್ರಿಸ್ತಪೂರ್ವ ಮೂರನೇ ಶತಮಾನದ ಬಂಡೆಯ ಮೇಲೆ ಮುತ್ಯಾನ ಮಗ್ಗಿ ಕೂತಿತ್ತು. ಹಿಂದಿ, ಗಣಿತ, ಸಮಾಜ ಅಂತ ಮೂರು ಬೇರೆ ಬೇರೆ ನೋಟ್‌ಬುಕ್ಕಿಗೆ ಬೈಂಡ್ ಹಾಕಿಸಿಕೊಂಡಿದ್ದವನು ನಾನು.

ಇಳಿದು ಬಂದವನು ನೇರ ಸಿಂಧನೂರಿಗೆ ಹೋಗಿ ಗೆಳೆಯನ ಅಂಗಡಿಯಲ್ಲಿ ಕೂತೆ. ಈಗ ಅಂಗಡಿ ಅವನದೇ. ಮಗ ಕಂಪ್ಯೂಟರಿನಲ್ಲಿ ಬಿಲ್ಲು ಹೊಡೆಯುತ್ತಾನೆ, ಇವನು ಪಕ್ಕದಲ್ಲಿ ಕೂತು ಬಾಯಿಲೆಕ್ಕದಿಂದ ಅದನ್ನು ತಾಳೆ ನೋಡುತ್ತಾನೆ. ನಾನು ಬಂಡೆಯ ಕತೆಯೆಲ್ಲ ಹೇಳಿದೆ. ಚೀಲದೊಳಕ್ಕೆ ಬಂಬು ಚುಚ್ಚಿ ಭತ್ತ ತೆಗೆದು, ಅಂಗೈಯಲ್ಲಿ ತಿಕ್ಕಿ, ಊದಿ, ಅಕ್ಕಿ ನೋಡುತ್ತಲೇ ಕೇಳಿಸಿಕೊಂಡ.

"ಹಂಗಾರ ಅಶೋಕ ನಮ್ಮ ಅಂಗಡಿಗೆ ಬಂದಿದ್ರ ಚೀಟಿ ತಿಳೀತಿತ್ತು ಬಿಡು" ಅಂದ. ಆಮೇಲೆ ಹೊಳೆಯಿತೇನೋ, ತಲೆ ಎತ್ತಿ ಕೇಳಿದ:

"ನಿನಗ ಹಿಂದ್ಯಾಗ ಎಷ್ಟು ಬಿದ್ದಿದ್ದೂ ಅಂದಿ?"

"ನಲವತ್ತೊಂದು."

"ನಂದು ಇಪ್ಪತ್ತೆಂಟಲೇ" ಅಂದು ಮುಂದಿನ ಚೀಲಕ್ಕೆ ಬಂಬು ಚುಚ್ಚಿದ.