ಬೆಂಕಿ ಬಾಗ್ಲೆಲ್ಲಿ?

ಕಾಲೇಜಿನ ಟೆಕ್ ಫೆಸ್ಟ್‌ಗೆ ಅಂತ ನಾವು ನಾಲ್ಕು ಜನ ಮೆಕ್ಯಾನಿಕಲ್‌ನವರು ಒಂದು ಸ್ಟೀಮ್ ಎಂಜಿನ್ ಮಾಡೆಲ್ ಮಾಡಿದ್ವಿ. ಪಕ್ಕದಲ್ಲಿಡೋ ಬೋರ್ಡಿನ ಮೇಲೆ ‘ಅಸಲಿಯ ತದ್ರೂಪ, ಶೇ. 100’ ಅಂತ ದೊಡ್ಡದಾಗಿ ಬರೆಸಿದ್ವಿ. ಆ ಸಾಲು ಯಾಕೆ ಅಳಿಸಿದ್ವಿ ಅನ್ನೋದೇ ಈ ಕಥೆ.

ನಾವು ಆರಿಸಿಕೊಂಡದ್ದು ವೈಪಿ. ಸ್ವಾತಂತ್ರ್ಯದ ನಂತರ ಮೀಟರ್‌ಗೇಜ್ ಪ್ಯಾಸೆಂಜರ್ ರೈಲುಗಳಿಗಾಗಿ ಬಂದ ಎಂಜಿನ್ ಅದು. ಜಮ್‌ಶೆಡ್‌ಪುರದ ಟೆಲ್ಕೊದಲ್ಲೂ ತಯಾರಾಗುತ್ತಿತ್ತು. ಸ್ಕೇಲ್ 1:22.5. ಯಾಕಂದ್ರೆ ಮಾಡೆಲ್‌ಗಳಿಗೆ ಸಿಗುವ 45 ಮಿ.ಮೀ. ಹಳಿಗೆ 1000 ಮಿ.ಮೀ. ಮೀಟರ್‌ಗೇಜ್ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತೆ. 1372 ಮಿ.ಮೀ. ವ್ಯಾಸದ ದೊಡ್ಡ ಚಕ್ರ 61 ಮಿ.ಮೀ. ಆಯ್ತು. ಅಲ್ಲಿವರೆಗೂ ಲೆಕ್ಕ ನಮ್ಮ ಕಡೆಗಿತ್ತು.

ಆಮೇಲೆ ಒಂದೊಂದೇ ಸುಳ್ಳು ಶುರುವಾಯ್ತು. ಚಕ್ರದ ಫ್ಲ್ಯಾಂಜ್ ಅಸಲಿಯಲ್ಲಿ ಒಂದು ಇಂಚಿನ ಆಸುಪಾಸು. ನಮ್ಮ ಸ್ಕೇಲಿಗೆ ಒಂದು ಮಿಲಿಮೀಟರ್ ಚಿಲ್ಲರೆ. ಹಾಗೆ ಮಾಡಿದ್ರೆ ನಾವು ಜೋಡಿಸಿದ ಹಳಿ ಮೇಲೆ ಮೂರನೇ ಸುತ್ತಿಗೇ ಎಂಜಿನ್ ಹಳಿ ತಪ್ಪಿತು. 3 ಮಿ.ಮೀ. ಮಾಡಿದ್ವಿ. ಮೇಜಿನ ಮೇಲಿನ ತಿರುವು ತೀರಾ ಚಿಕ್ಕದು, ಅದಕ್ಕೆ ಸಿಲಿಂಡರ್‌ಗಳನ್ನು ಸ್ವಲ್ಪ ಹೊರಕ್ಕೆ ತಳ್ಳಿದ್ವಿ. ತೂಕದ್ದು ಇನ್ನೊಂದು ಗೋಳು: ಉದ್ದ 22.5 ಪಟ್ಟು ಇಳಿದರೆ ತೂಕ ಅದರ ಘನದಷ್ಟು ಇಳಿಯುತ್ತೆ. ಒಂದು ಟನ್ ಅಂದ್ರೆ ಇಲ್ಲಿ ಬರೀ 88 ಗ್ರಾಂ! ಚಕ್ರ ಜಾರಬಾರದು ಅಂತ ಬಾಯ್ಲರ್ ಒಳಗೆ ಸೀಸ ತುಂಬಿದ್ವಿ. ಹೊರಗಿಂದ ಮಾತ್ರ ರಿವೆಟ್ ಸಮೇತ ವೈಪಿನೇ.

ನಮ್ಮಲ್ಲೊಬ್ಬನ ಅಜ್ಜ ಅಮೃತಾಪುರದಲ್ಲಿದ್ದಾರೆ. ಬೀರೂರು-ಶಿವಮೊಗ್ಗ ದಾರಿ ಮೀಟರ್‌ಗೇಜ್ ಆಗಿದ್ದಾಗ ಫೈರ್‌ಮನ್ ಆಗಿದ್ದವರು. ಫೆಸ್ಟ್‌ಗೆ ಮೊದಲು ಅವರಿಗೆ ತೋರಿಸೋಣ ಅಂತ ಮಾಡೆಲ್ ಹೊತ್ತುಕೊಂಡು ತರೀಕೆರೆ ಬಸ್ ಹತ್ತಿದ್ವಿ. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಮಾಡೆಲ್ ತೊಡೆ ಮೇಲೆ ಇಟ್ಟುಕೊಂಡು ಚಿಮಣಿಯಿಂದ ಹಿಂದಕ್ಕೆ ಬೆರಳಾಡಿಸುತ್ತಾ ಬಂದ್ರು. ‘ಹೂಂ... ಹೂಂ...’ ಅಂತಿದ್ರು. ಕ್ಯಾಬ್ ಹತ್ರ ಬೆರಳು ನಿಂತಿತು.

‘ಬೆಂಕಿ ಬಾಗ್ಲೆಲ್ಲಿ? ನಾನೆಲ್ಲಿ ನಿಂತ್ಕಳ್ಳಿ?’

ಕ್ಯಾಬ್ ಒಳಗೆ ನಾವು ಮೋಟರ್ ಕೂರಿಸಿ, ಕಪ್ಪು ಪ್ಲಾಸ್ಟಿಕ್ ತುಂಡಿನಿಂದ ಮುಚ್ಚಿದ್ವಿ. ಅಲ್ಲಿ ಯಾರು ನೋಡ್ತಾರೆ ಅಂತ. ಅವರು ಆಯಸ್ಸೆಲ್ಲ ಸಲಿಕೆ ಹಿಡಿದು ಬೆವರು ಸುರಿಸಿದ ಜಾಗ ಅದೊಂದೇ. ನಮಗೆ ಮಾತೇ ಹೊರಡಲಿಲ್ಲ.

ಸಂಜೆ ಸಪ್ಪೆ ಮುಖ ಹಾಕಿಕೊಂಡು ಅಮೃತೇಶ್ವರ ದೇವಸ್ಥಾನಕ್ಕೆ ಹೋದ್ವಿ. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು. ಶಿಖರದ ಮೈಮೇಲೆ ಪುಟ್ಟ ಪುಟ್ಟ ಶಿಖರಗಳಿವೆ. ಅವೂ ಮಾಡೆಲ್‌ಗಳೇ! ಅವುಗಳೊಳಗೆ ಗರ್ಭಗುಡಿ ಇಲ್ಲ, ಕಾಲಿಡೋಕೆ ಜಾಗ ಇಲ್ಲ. ಆದರೂ ನೋಡಿದ ತಕ್ಷಣ ಶಿಖರ ಅಂತ ಗೊತ್ತಾಗುತ್ತೆ. ಏನು ಬಿಟ್ಟರೂ ನಡೆಯುತ್ತೆ, ಏನು ಬಿಡಬಾರದು ಅನ್ನೋದು ಕೆತ್ತಿದವರಿಗೆ ತಿಳಿದಿತ್ತು. ನಾವು ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ರಿವೆಟ್ ಎಣಿಸಿದ್ವಿ, ಮನುಷ್ಯ ನಿಲ್ಲೋ ಜಾಗ ಮರೆತ್ವಿ.

ವಾಪಸ್ ಬಂದು ಮೋಟರನ್ನು ಟೆಂಡರ್‌ಗೆ ಸಾಗಿಸಿದ್ವಿ. ಹಾಗಾಗಿ ಈಗ ಎಂಜಿನ್ ತಾನಾಗಿ ಓಡಲ್ಲ, ಹಿಂದಿನಿಂದ ಟೆಂಡರ್ ಅದನ್ನು ದೂಡುತ್ತೆ. ಸುಳ್ಳು ಒಂದು ಹೆಚ್ಚಾಯ್ತು, ನಿಜ. ಆದರೆ ಕ್ಯಾಬ್ ಖಾಲಿಯಾಯ್ತು. ಅಲ್ಲಿ ತೆರೆದು ಮುಚ್ಚುವ ಬೆಂಕಿ ಬಾಗಿಲು ಇಟ್ಟು, ಹಿಂದೆ ಒಂದು ಕೆಂಪು ಎಲ್‌ಇಡಿ ಹಾಕಿದ್ವಿ. ಫೆಸ್ಟ್‌ನಲ್ಲಿ ಹಳೆ ಬೋರ್ಡ್ ಬದಲು ಒಂದು ಪಟ್ಟಿ ಅಂಟಿಸಿದ್ವಿ: ಸರಿಯಾಗಿರೋದು ಇಷ್ಟು, ತಪ್ಪಿರೋದು ಇಷ್ಟು, ಯಾಕೆ ತಪ್ಪಿದೆ. ಬಹುಮಾನ ಬರಲಿಲ್ಲ. ಆದರೆ ಜನ ಎಂಜಿನ್‌ಗಿಂತ ಹೆಚ್ಚು ಹೊತ್ತು ನಿಂತು ಆ ಪಟ್ಟಿ ಓದಿದ್ರು.

ಪಟ್ಟಿಯ ಕೊನೇ ಸಾಲು ಹೀಗಿತ್ತು: ‘ಬೆಂಕಿ ಬಾಗಿಲು ಅಳತೆಗಿಂತ ದೊಡ್ಡದಾಗಿದೆ. ಅಜ್ಜನ ಬೆರಳು ಒಳಗೆ ಹೋಗಬೇಕಿತ್ತು.’