ಎದೆಯ ತಾಳ ತಪ್ಪುವುದೇಕೆ?



ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವೆಂದರೆ ಪರೀಕ್ಷಾಫಲ, ಕಟ್ಟಡದ ನಿಧಿ, ದಾನಿಗಳಿಗೆ ವಂದನೆ, ಇಷ್ಟೇ ಎಂದು ವಾಚಕರು ಎಣಿಸಿರಬಹುದು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುವು. ಇಲ್ಲಿ ನಾವು, ಹೃದಯಕ್ಕೆ ಶಸ್ತ್ರಚಿಕಿತ್ಸೆಯಾದ ಬಳಿಕ ನಾಡಿಯು ತಾಳ ತಪ್ಪುವುದಕ್ಕೆ ಕಾರಣವೇನೆಂಬುದನ್ನು ಕುರಿತು ಬರೆಯಬೇಕೆಂದಿದ್ದೇವೆ. ನಾವು ವೈದ್ಯರಲ್ಲ, ಉಪಾಧ್ಯಾಯಿನಿಯರ ತರಬೇತಿ ಹೊಂದಿದವರು ಮಾತ್ರ. ಆದರೂ ಈ ರೋಗದ ಭಾರವು ರೋಗಿಯ ಎದೆಯ ಮೇಲಲ್ಲದೆ ನಮ್ಮ ಹುಡುಗಿಯರ ತಲೆಯ ಮೇಲೂ ಬೀಳುವುದನ್ನು ಕಣ್ಣಾರೆ ಕಂಡುದರಿಂದ ಸುಮ್ಮನಿರಲಾರದೆ ಹೋದೆವು.

ಕುರುಗೋಡಿನ ಕಡೆಯಿಂದ ಬಂದು ನಮ್ಮ ವಸತಿಗೃಹದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ಒಬ್ಬ ಬಾಲಕಿಯ ತಂದೆಗೆ ಬೆಂಗಳೂರಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನುಷ್ಯ. ಒಂದು ದಿನವಾದರೂ ಮಲಗಿದವರಲ್ಲ. ಎರಡು ದಿವಸ ಎಲ್ಲವೂ ಸುಗಮವಾಗಿತ್ತು. ಮೂರನೆಯ ದಿವಸ ಮಗಳು ನೋಡಲು ಹೋದಳು. ಮೈತುಂಬ ಕೊಳವೆಗಳನ್ನು ತೊಡಿಸಿಕೊಂಡು ಮಲಗಿದ್ದ ತಂದೆಯನ್ನು ಕಂಡು ಬಿಕ್ಕಿ ಬಿಕ್ಕಿ ಅತ್ತಳು. ಅದೇ ಸಂಜೆ ತಂದೆಯ ನಾಡಿಯು ನಿಮಿಷಕ್ಕೆ ೧೪೦ರ ಮೇಲೆ ಏರಿ, ಅಡ್ಡಾದಿಡ್ಡಿಯಾಗಿ ಓಡಲಾರಂಭಿಸಿತು. ಬಂಧುಗಳ ನಾಲಗೆಗೆ ಬೇರೆ ಕಾರಣ ಬೇಕಾಗಲಿಲ್ಲ. “ಈ ಹುಡುಗಿ ಅತ್ತು ಅಪ್ಪನ ಎದೆ ಕೆಡಿಸಿದಳು” ಎಂದರು. ಅವಳು ಹಿಂದಿರುಗಿ ಬಂದವಳೇ ಮಾತು ಬಿಟ್ಟಳು, ಊಟವನ್ನೂ ಬಹುಮಟ್ಟಿಗೆ ಬಿಟ್ಟಳು. ಶಾಲೆ ಬಿಡಿಸಿ ಮನೆಗೆ ಕಳುಹಿಸಬೇಕೆಂದು ಅಜ್ಜಿಯಿಂದ ಪತ್ರವೂ ಬಂದಿತು.

ಆಗ ನಾವು ಮಾಡಿದ ಮೊದಲನೆಯ ಕೆಲಸವೆಂದರೆ, ಹೃದಯದ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ದೂರವಾಣಿಯಲ್ಲಿ ಕರೆದು ವಿಚಾರಿಸಿದ್ದು. ಅವಳು ನಕ್ಕು, “ಅಮ್ಮಾ, ಮೂರನೆಯ ದಿನವೆಂದರೆ ನಾವು ಅದಕ್ಕಾಗಿ ಕಾದಿರುತ್ತೇವೆ” ಎಂದಳು. ಆ ಒಂದು ಮಾತಿನಿಂದ ನಮ್ಮ ಎದೆ ಹಗುರವಾಯಿತು. ಅವಳು ಹೇಳಿದ್ದನ್ನೂ ಅನಂತರ ನಾವು ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತೇವೆ.

ಹೃದಯದಲ್ಲಿ ಮೇಲೆ ಎರಡು, ಕೆಳಗೆ ಎರಡು ಕೋಣೆಗಳುಂಟೆಂಬುದನ್ನು ನೀವೆಲ್ಲರೂ ಪಾಠದಲ್ಲಿ ಓದಿದ್ದೀರಿ. ಬಲಗಡೆಯ ಮೇಲ್ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಕಣಗಂಟು ಇದೆ. ಅದು ನಮ್ಮ ಶಾಲೆಯ ಘಂಟೆ ಹೊಡೆಯುವವನಿದ್ದಂತೆ. ಅದು ಹುಟ್ಟಿಸುವ ವಿದ್ಯುತ್ತಿನ ಅಲೆಯು ಮೇಲ್ಕೋಣೆಗಳಲ್ಲಿ ಹರಡಿ, ನಡುವಣ ಇನ್ನೊಂದು ಗಂಟಿನ ಬಾಗಿಲಲ್ಲಿ ಕ್ಷಣಕಾಲ ತಡೆದು, ಕೆಳಗಣ ಕೋಣೆಗಳಿಗೆ ಇಳಿಯುತ್ತದೆ. ಹೀಗೆ ದಿನಕ್ಕೆ ಸುಮಾರು ಒಂದು ಲಕ್ಷ ಸಾರಿ. ಈಗ ಘಂಟೆಯವನ ಮಾತು ನಡೆಯದೆ, ತರಗತಿಯ ಮಕ್ಕಳೆಲ್ಲರೂ ತಮ್ಮ ತಮ್ಮ ತಟ್ಟೆಗಳನ್ನು ಬಡಿಯತೊಡಗಿದರೆಂದು ಭಾವಿಸಿರಿ. ಮೇಲ್ಕೋಣೆಗಳು ಕುಗ್ಗುವುದನ್ನು ಬಿಟ್ಟು ಕಂಪಿಸುತ್ತವೆ. ಬಾಗಿಲ ಕಾವಲಿನವನು ಆ ಗದ್ದಲದಲ್ಲಿ ಕೆಲವನ್ನು ಒಳಗೆ ಬಿಟ್ಟು ಕೆಲವನ್ನು ತಡೆಯುವುದರಿಂದ ನಾಡಿಯು ವೇಗವಾಗಿಯೂ ಕ್ರಮವಿಲ್ಲದೆಯೂ ಓಡುತ್ತದೆ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಬೈಪಾಸ್ ಮಾಡಿಸಿಕೊಂಡವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರುವುದುಂಟು. ಕವಾಟದ ಚಿಕಿತ್ಸೆಯಾದವರಲ್ಲಿ ಇನ್ನೂ ಹೆಚ್ಚು. ಎರಡನೆಯ, ಮೂರನೆಯ ದಿವಸಗಳಲ್ಲಿಯೇ ಇದರ ಕಾಟ ಅತ್ಯಧಿಕ.

ಕಾರಣವು ಒಂದಲ್ಲ. ಎದೆಯ ಮೂಳೆಯನ್ನು ಕೊಯ್ದು, ಹೃದಯದ ಚೀಲವನ್ನು ತೆರೆದು, ಮೇಲ್ಕೋಣೆಗೆ ಕೊಳವೆ ತೂರಿಸಿ ಹೊಲಿಗೆ ಹಾಕುವುದರಿಂದ ಆ ತೆಳುವಾದ ಗೋಡೆಗೆ ಗಾಯವಾಗಿ ಉರಿಯೂತ ಹುಟ್ಟುತ್ತದೆ. ಉರಿಯೂತವು ಎರಡು ಮೂರು ದಿನಗಳಲ್ಲಿ ತುತ್ತತುದಿಗೇರುವುದು. ಮೂರನೆಯ ದಿನದ ಗುಟ್ಟಿನ ಒಂದು ಪಾಲು ಇದರಲ್ಲಿಯೇ ಇದೆ. ರಕ್ತವು ಯಂತ್ರದ ಕೊಳವೆಗಳಲ್ಲಿ ಸುತ್ತಿ ಬಂದುದು ಆ ಉರಿಯನ್ನು ಮೈಯೆಲ್ಲಕ್ಕೂ ಹಬ್ಬಿಸುತ್ತದೆ. ಹೃದಯವನ್ನು ತಣ್ಣನೆಯ ಲವಣದ್ರಾವಣದಿಂದ ನಿಲ್ಲಿಸಿದ್ದ ಹೊತ್ತಿನಲ್ಲಿ ಅದಕ್ಕೆ ರಕ್ತದ ಕೊರತೆಯೂ ಆಗಿರುತ್ತದೆ. ರಕ್ತನಾಳಗಳಿಗೆ ಸುರಿದ ದ್ರವವು ಹೆಚ್ಚಾದರೆ ಮೇಲ್ಕೋಣೆಗಳು ಹಿಗ್ಗುತ್ತವೆ. ಆ ದ್ರವವನ್ನು ಇಳಿಸಲು ಮೂತ್ರದ ಔಷಧಿ ಕೊಟ್ಟರೆ ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಗಳು ಕೊಚ್ಚಿಹೋಗುತ್ತವೆ. ಅಡುಗೆಯಲ್ಲಿ ಉಪ್ಪು ತಪ್ಪಿದರೆ ರುಚಿ ಮಾತ್ರ ಕೆಡುವುದು. ಇಲ್ಲಿ ತಾಳವೇ ಕೆಡುವುದು. ಇವುಗಳ ಮೇಲೆ ವಯಸ್ಸು. ವಯಸ್ಸು ಎಲ್ಲಕ್ಕಿಂತ ದೊಡ್ಡ ಕಾರಣವೆಂದು ವೈದ್ಯರ ಮತ. ಹಳೆಯ ರಕ್ತದೊತ್ತಡ, ಶ್ವಾಸಕೋಶದ ರೋಗ, ಸ್ಥೂಲಕಾಯ ಇವೂ ಸೇರುತ್ತವೆ.

ಇನ್ನೊಂದು ಕಾರಣವನ್ನು ಬೇರೆಯಾಗಿ ಹೇಳುವೆವು, ಯಾಕಂದರೆ ಅದು ಮನೆಯವರ ಕೈಯಲ್ಲಿದೆ. ಬಳ್ಳಾರಿಯ ಕೌಲ್‌ಬಜಾರಿನ ಕಡೆಯ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾತನವರು ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದು ಚೆನ್ನಾಗಿದ್ದರು. “ಇಷ್ಟೊಂದು ಗುಳಿಗೆ ಏಕೆ, ಉಷ್ಣವಾಗುವುದು” ಎಂದು ಒಬ್ಬ ಹಿತೈಷಿಗಳು ಎರಡು ಗುಳಿಗೆಗಳನ್ನು ನಿಲ್ಲಿಸಿಬಿಟ್ಟರು. ಅವುಗಳಲ್ಲೊಂದು ನಾಡಿಯ ವೇಗವನ್ನು ಹಿಡಿದಿಡುವ ಬೀಟಾ ಬ್ಲಾಕರ್ ಔಷಧಿ. ಅದನ್ನು ಒಮ್ಮೆಗೇ ಬಿಟ್ಟರೆ ಹೃದಯವು ಕಟ್ಟು ಹರಿದ ಎತ್ತಿನಂತೆ ಓಡುವುದು, ಹಾಗೆಯೇ ಆಯಿತು. ನಮ್ಮ ಊರಿನಲ್ಲಿ ಹಿತೈಷಿಗಳಿಗೆ ಎಂದಿಗೂ ಕೊರತೆಯಿಲ್ಲ.

ಈ ವಿದ್ಯೆಯು ಬಹು ಹಳೆಯದೇನೂ ಅಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ದೊರೆಗಳು ೧೮೧೦ರಲ್ಲಿ ಬಳ್ಳಾರಿಗೆ ಬಂದಾಗ ಎದೆ ಕೊಯ್ದು ಬದುಕಿಸುವುದನ್ನು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ರೀವ್ ಬೆಟ್ಸರು ಎದೆಯ ಶಸ್ತ್ರಚಿಕಿತ್ಸೆಯ ವಿಭಾಗವನ್ನು ತೊಡಗಿದ್ದು ೧೯೪೯ರಲ್ಲಿ. ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸಿ ಅಮೆರಿಕೆಯ ಜಾನ್ ಗಿಬ್ಬನ್ನರು ಒಬ್ಬ ತರುಣಿಯನ್ನು ಬದುಕಿಸಿದ್ದು ೧೯೫೩ರಲ್ಲಿ. ಇಷ್ಟು ಎಳೆಯ ವಿದ್ಯೆಯ ವಿಷಯದಲ್ಲಿ ನಮ್ಮ ಹಳ್ಳಿಗಳು ಅಂಜುವುದು ಆಶ್ಚರ್ಯವಲ್ಲ.

ಒಂದು ಶನಿವಾರ ವಿಜ್ಞಾನದ ಉಪಾಧ್ಯಾಯಿನಿಯನ್ನು ಕರೆದುಕೊಂಡು ಕುರುಗೋಡಿಗೆ ಹೋದೆವು. ತಂದೆಯವರು ಅಷ್ಟರಲ್ಲಿ ಮನೆಗೆ ಬಂದಿದ್ದರು. ಅಜ್ಜಿಯು ದೊಡ್ಡ ಬಸವಣ್ಣನಿಗೆ ಹರಕೆ ಹೊತ್ತಿದ್ದಳು. ಅದಕ್ಕೆ ನಾವು ಮಾತಾಡಲಿಲ್ಲ, ಅವಳೂ ನಮ್ಮ ಪ್ರಾರ್ಥನೆಗೆ ಅಡ್ಡಿ ಹೇಳಲಿಲ್ಲ. ಮೇಲೆ ಬರೆದದ್ದನ್ನೆಲ್ಲ ತಿಳಿಸುತ್ತ, ದೇಹದ ಉದ್ವೇಗದಿಂದ ರಕ್ತಕ್ಕೆ ಸೇರುವ ರಸಗಳೂ ಒಂದು ಕಾರಣವೆಂದು ಮರೆಮಾಚದೆ ಹೇಳಿದೆವು. ಅಜ್ಜಿ ತಟ್ಟನೆ ಹಿಡಿದುಕೊಂಡಳು: “ಹಾಗಾದರೆ ಅತ್ತದ್ದರಿಂದಲೇ ಅಲ್ಲವೇ?” ಎದೆಯ ಮೂಳೆಯನ್ನು ಗರಗಸದಿಂದ ಸೀಳಿದ ಉದ್ವೇಗದ ಮುಂದೆ ಮಗಳ ಕಣ್ಣೀರು ಎಷ್ಟರದು, ಎಂದೆವು. ಅದೇ ವಾರ್ಡಿನಲ್ಲಿ ಇದೇ ಉಪದ್ರವವಾದ ಇನ್ನಿಬ್ಬರಿದ್ದರೆಂದು ತಂದೆಯೇ ಹೇಳಿದರು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಅವರ ಮನೆಯಲ್ಲಿ ಯಾರು ಅತ್ತರೋ ಕೇಳಿದೆಯಾ?” ಎಂದು ಮಗನನ್ನು ಕೇಳಿದಳು. ಒಬ್ಬನನ್ನು ನೋಡಲು ಯಾರೂ ಬಂದಿರಲಿಲ್ಲವಂತೆ. ಅದಕ್ಕೆ ಅಜ್ಜಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ಮೊಮ್ಮಗಳ ಬಟ್ಟೆಯ ಪೆಟ್ಟಿಗೆಯನ್ನು ತಂದು ನಮ್ಮ ಮುಂದಿಟ್ಟಳು. ಆ ಬಾಲಕಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ.

ಇದನ್ನು ಓದಿ ಈ ರೋಗವು ಅಲ್ಪವೆಂದು ಯಾರೂ ತಿಳಿಯಕೂಡದು. ಬಹುಮಂದಿಗೆ ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ತಾಳವು ಸರಿಹೋಗುವುದು ನಿಜ. ಆದರೆ ಕಂಪಿಸುವ ಕೋಣೆಯಲ್ಲಿ ರಕ್ತವು ನಿಂತು ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಪಾರ್ಶ್ವವಾಯುವನ್ನು ತರಬಹುದು. ರಕ್ತ ಹೆಪ್ಪುಗಟ್ಟದಂತೆ ಕೆಲವರಿಗೆ ಔಷಧಿ ಕೊಡುವುದು ಇದಕ್ಕಾಗಿಯೇ. ಒಮ್ಮೆ ಬಂದವರಿಗೆ ಮುಂದೆಯೂ ಬರುವ ಸಂಭವ ಹೆಚ್ಚು. ಎದೆ ಹಾರುವುದು, ತಲೆಸುತ್ತು, ಉಸಿರು ಸಾಲದಿರುವುದು ಕಂಡರೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ನಾಡಿಯು ಓಡುವುದಕ್ಕೆ ಬದಲಾಗಿ ನಿಧಾನವಾಗುವುದೂ ಉಂಟು. ಕವಾಟ ಬದಲಿಸುವಾಗ ಹೊಲಿಗೆಯು ಆ ನಡುಬಾಗಿಲ ಗಂಟಿನ ಬಳಿಯೇ ಬೀಳುತ್ತದೆ; ಬಾವು ಬಂದರೆ ಅಲೆಯು ಇಳಿಯದು. ಅದಕ್ಕೆಂದೇ ಕೂದಲೆಳೆಯಂಥ ತಂತಿಗಳನ್ನು ಹೃದಯದ ಮೇಲೆ ಕೆಲವು ದಿನ ಬಿಟ್ಟಿರುತ್ತಾರೆ. ಬಾವು ಇಳಿದರೂ ದಾರಿ ತೆರೆಯದಿದ್ದರೆ ಪೇಸ್‌ಮೇಕರ್ ಇಡಬೇಕಾಗುವುದು.

ಸಿರುಗುಪ್ಪದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಕಥೆ ಇದಕ್ಕಿಂತ ಹಿಂದಿನಿಂದ ಬಂದದ್ದು. ಬಾಲ್ಯದಲ್ಲಿ ಗಂಟಲುನೋವಾಗಿ, ಕೀಲುಗಳು ಊದಿ, ಜ್ವರ ಬಂದು ಹೋಗಿತ್ತು. ಬತ್ತದ ನಾಟಿಯ ಕಾಲವಾದುದರಿಂದ ಮನೆಯಲ್ಲಿ ಯಾರೂ ಲಕ್ಷ್ಯ ಮಾಡಲಿಲ್ಲವಂತೆ. ಆ ರ‍್ಯೂಮ್ಯಾಟಿಕ್ ಜ್ವರವು ಮೆಲ್ಲಮೆಲ್ಲನೆ ಅವಳ ಕವಾಟವನ್ನು ಕಿರಿದುಮಾಡಿ, ಅದರ ಹಿಂದಣ ಕೋಣೆಯನ್ನು ವರ್ಷಗಟ್ಟಲೆ ಹಿಗ್ಗಿಸಿತ್ತು. ಲೋಹದ ಕವಾಟ ಹಾಕಿದ ಮೇಲೆಯೂ ತಾಳವು ಪೂರ್ತಿಯಾಗಿ ಮರಳಲಿಲ್ಲ. ಹಿಗ್ಗಿದ ಗೋಡೆ ಅಷ್ಟು ಬೇಗನೆ ಹಿಂದಿನಂತಾಗದು. ಅವಳು ಜೀವಮಾನವೆಲ್ಲ ವಾರ್ಫರಿನ್ ಗುಳಿಗೆ ನುಂಗಬೇಕು, ರಕ್ತಪರೀಕ್ಷೆ ಮಾಡಿಸಬೇಕು, ಸೊಪ್ಪಿನ ಸಾರನ್ನೂ ಒಂದೇ ಅಳತೆಯಲ್ಲಿ ತಿನ್ನಬೇಕು.

ಈ ರೋಗವು ಐದರಿಂದ ಹದಿನೈದು ವರ್ಷದ ಮಕ್ಕಳನ್ನೇ ವಿಶೇಷವಾಗಿ ಹಿಡಿಯುವುದರಿಂದ, ವಸತಿಗೃಹದಲ್ಲಿ ಗಂಟಲುನೋವೆಂದು ಹೇಳಿದ ಪ್ರತಿ ಹುಡುಗಿಯ ಹೆಸರನ್ನೂ ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸುವ ಏರ್ಪಾಡು ಮಾಡಿದ್ದೇವೆ. ಒಮ್ಮೆ ಆ ಜ್ವರ ಬಂದ ಮಕ್ಕಳಿಗೆ ಅದು ಮರುಕಳಿಸದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಸೂಜಿಮದ್ದನ್ನು ವರ್ಷಗಟ್ಟಲೆ ಹಾಕಿಸಬೇಕು. ಈಗ ಏಳನೆಯ ತರಗತಿಯ ಒಬ್ಬ ಬಾಲಕಿಗೆ ೨೧ ದಿನಗಳಿಗೊಮ್ಮೆ ಅದು ನಡೆಯುತ್ತಿದೆ. ಸೂಜಿ ಬಹಳ ನೋಯುವುದರಿಂದ ಅವಳು ಅಂದು ಕುಂಟುತ್ತ ತಡವಾಗಿ ಬರುತ್ತಾಳೆ. ಆ ದಿನ ಅವಳ ಹಾಜರಿಯನ್ನು ಅರ್ಧ ದಿನವೆಂದು ಬರೆಯಕೂಡದೆಂದು ತರಗತಿಯ ಉಪಾಧ್ಯಾಯಿನಿಗೆ ತಿಳಿಸಿದ್ದೇವೆ.