ರದ್ದಿಯೊಳಗಿನ ಧಾರವಾಡ

ಹಳೆ ಪುಸ್ತಕದ ಮಾತು ಬಂದರೆ ಬೆಂಗಳೂರಿನವರು ಅವೆನ್ಯೂ ರಸ್ತೆಯನ್ನು ನೆನೆಯುತ್ತಾರೆ, ಪುಣೆ ಕಂಡುಬಂದವರು ಅಪ್ಪಾ ಬಳವಂತ ಚೌಕವನ್ನು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಹಾಗೆ ಬೆರಳು ಮಾಡಿ ತೋರಿಸುವಂಥ ಬೀದಿ ಇಲ್ಲ. ಇಲ್ಲಿ ಹಳೆ ಪುಸ್ತಕ ಸಿಗುವುದು ಹೆಚ್ಚಾಗಿ ರದ್ದಿ ಅಂಗಡಿಯಲ್ಲಿ, ಖಾಲಿ ಬಾಟಲಿ, ತುಕ್ಕು ಹಿಡಿದ ಫ್ಯಾನು, ಮದುವೆ ಕಾರ್ಡುಗಳ ನಡುವೆ. ಇದೊಂದು ಕೊರತೆಯೆಂದು ಗೆಳೆಯರು ಗೊಣಗುತ್ತಾರೆ. ನನಗಂತೂ ಇದೇ ಸುಖ. ಪುಸ್ತಕದ ಬೀದಿಯ ವ್ಯಾಪಾರಿಗೆ ಬೆಲೆ ಗೊತ್ತಿರುತ್ತದೆ. ರದ್ದಿಯವನಿಗೆ ಗೊತ್ತಿರುವುದು ತೂಕ ಮಾತ್ರ. ಆದರೆ ಗಿರಾಕಿಯ ಮುಖ ಓದುವುದರಲ್ಲಿ ಅವನು ಪಂಡಿತ. ಬೇಕಾದದ್ದು ಕಂಡಾಗ ಕಣ್ಣರಳಿಸಿದಿರೋ, ಕೆಟ್ಟಿರಿ. ‘ಭಾಳ ಹಳೇದೈತ್ರಿ ಇದು, ಇನ್ನೆಲ್ಲೂ ಸಿಗಂಗಿಲ್ಲ’ ಎಂದು ಶುರುವಾಗುತ್ತದೆ. ಆದ್ದರಿಂದ ಬೇಕಾದದ್ದನ್ನು ಬೇಡದ ನಾಲ್ಕರ ನಡುವೆ ಇಟ್ಟು, ‘ಎಲ್ಲಾ ಸೇರಿ ಎಷ್ಟ್ರೀ?’ ಎಂದು ಕೇಳುವುದು ರೂಢಿ. ಬೇಡದ ನಾಲ್ಕೂ ಮನೆಗೆ ಬರುತ್ತವೆ ಎನ್ನುವುದು ಇದರ ದೋಷ. ಅದರ ಬಗ್ಗೆ ಮನೆಯವರ ಅಭಿಪ್ರಾಯ ಇಲ್ಲಿ ಬೇಡ.

ಈ ರದ್ದಿಗೆ ಇಷ್ಟೊಂದು ಒಳ್ಳೆಯ ಸಾಹಿತ್ಯ ಬಂದು ಬೀಳುವುದಕ್ಕೆ ಕಾರಣವಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದಾಗ ಕನ್ನಡ ಪುಸ್ತಕವನ್ನು ಅಂಗಡಿಯಲ್ಲಿಟ್ಟು ಮಾರಿ ಬದುಕುವ ಕಾಲವಲ್ಲ. ಅವರು ಚಂದಾದಾರರನ್ನು ಹುಡುಕಿದರು. ವರ್ಷದ ಚಂದಾ ಕೊಟ್ಟವರ ಮನೆಗೆ ಆ ವರ್ಷದ ಪುಸ್ತಕ ಹೋಗುತ್ತಿತ್ತು. ಏನು ಓದಬೇಕೆಂದು ಆರಿಸುವ ತೊಂದರೆ ಓದುಗನಿಗಿಲ್ಲ, ಆ ಭಾರವೆಲ್ಲ ಸುಭಾಸ ರಸ್ತೆಯ ಅಟ್ಟದ ಮೇಲೆ ಕೂತು ಹರಟುತ್ತಿದ್ದ ಮಂಡಳಿಯದು. 1961ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗಿರೀಶ ಕಾರ್ನಾಡ ಎಂಬ ಹುಡುಗನ ‘ಯಯಾತಿ’ ಅಚ್ಚಾದದ್ದೂ ಇದೇ ಗ್ರಂಥಮಾಲೆಯಿಂದ. ಕಚೇರಿಯ ಕಾರಕೂನರು, ಸಾಲಿ ಮಾಸ್ತರರು ಕೂಡ ತಾವು ಹೆಸರೇ ಕೇಳದ ಲೇಖಕರನ್ನು ಹೀಗೆ ಮನೆಯೊಳಗೆ ಬಿಟ್ಟುಕೊಂಡರು. ಇವತ್ತು ಯಾವ ಪ್ರಕಾಶಕನಿಗಾದರೂ ಅಂಥ ವಿಶ್ವಾಸ ಸಿಕ್ಕೀತೇ?

ಮಾಳಮಡ್ಡಿಯ, ನಾರಾಯಣಪುರದ ಆ ಮನೆಗಳು ಈಗ ಒಂದೊಂದಾಗಿ ಕೆಡವಿಸಿಕೊಳ್ಳುತ್ತಿವೆ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ. ಕಪಾಟು ಹಂಚಿಕೆಯಾಗುತ್ತದೆ, ಕಪಾಟಿನೊಳಗಿನದು ರದ್ದಿಗೆ ಹೋಗುತ್ತದೆ.

ಹುಬ್ಬಳ್ಳಿಯ ರದ್ದಿಯ ರುಚಿಯೇ ಬೇರೆ. ಅದು ಪೇಟೆಯ ಊರು. ಅಲ್ಲಿ ಕೈಗೆ ಹತ್ತುವುದು ‘ಕಸ್ತೂರಿ’. 1956ರಲ್ಲಿ ಲೋಕಶಿಕ್ಷಣ ಟ್ರಸ್ಟ್ ಹುಬ್ಬಳ್ಳಿಯಿಂದ ಹೊರಡಿಸಿದ ಈ ಮಾಸಿಕವನ್ನು ಪಾ.ವೆಂ. ಆಚಾರ್ಯರು ಬೆಳೆಸಿದ ರೀತಿಗೆ ಅಂಗಡಿಕಾರನೂ ಪ್ರೊಫೆಸರನೂ ಅದನ್ನೇ ಓದುವಂತಾಗಿತ್ತು. ಸಂಚಿಕೆಗಳನ್ನು ಕೂಡಿಸಿ ಬೈಂಡ್ ಹಾಕಿಸಿದ ಮನೆಗಳು ಬಹಳ. ಆದರೆ ಬೈಂಡಿನವರ ಮೇಲೆ ನನ್ನದೊಂದು ಸಿಟ್ಟಿದೆ: ಶಿಸ್ತಾಗಿ ಕಾಣಲೆಂದು ಮುಖಪುಟವನ್ನೂ ಜಾಹೀರಾತನ್ನೂ ಕಿತ್ತೊಗೆದಿರುತ್ತಾರೆ. ಲೇಖನ ಎಲ್ಲಾದರೂ ಮರುಮುದ್ರಣವಾದೀತು. ಆ ಕಾಲದ ತಲೆಯೆಣ್ಣೆಯ ಜಾಹೀರಾತನ್ನು ಯಾರು ಅಚ್ಚು ಹಾಕುತ್ತಾರೆ?

ಮೊದಲ ಹಾಳೆ ನೋಡದೆ ನಾನು ಪುಸ್ತಕ ಕೊಳ್ಳುವುದಿಲ್ಲ. ‘ನಾಲ್ಕನೆಯ ಇಯತ್ತೆಯಲ್ಲಿ ಪ್ರಥಮ ಬಂದುದಕ್ಕೆ’ ಎಂಬ ಬಕ್ಷೀಸಿನ ಚೀಟಿ, ಆಣೆಯಲ್ಲಿ ಬರೆದ ಬೆಲೆ, ಕನ್ನಡ ಪುಸ್ತಕದ ಮೇಲೆ ಮೋಡಿ ಅಕ್ಷರದಲ್ಲಿ ಯಜಮಾನರ ಸಹಿ. 1956ರವರೆಗೆ ನಾವು ಮುಂಬಯಿಯವರಾಗಿದ್ದೆವು ಎಂಬುದನ್ನು ಇತಿಹಾಸದ ಪುಸ್ತಕಕ್ಕಿಂತ ಈ ಹಾಳೆಗಳು ಚೊಕ್ಕಾಗಿ ಹೇಳುತ್ತವೆ. ರಾಶಿಯಲ್ಲಿ ಮರಾಠಿ ಕಾದಂಬರಿ ಸಿಕ್ಕರೆ ಅದರ ಪಕ್ಕದಲ್ಲೇ ಗಳಗನಾಥರು ಇರುವ ಸಂಭವ ಹೆಚ್ಚು. ಹರಿ ನಾರಾಯಣ ಆಪಟೆಯವರನ್ನು ಕನ್ನಡಕ್ಕೆ ತಂದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ‘ಮಾಧವ ಕರುಣಾವಿಲಾಸ’ದ ಹಳೆಯ ಪ್ರತಿಯನ್ನು ರದ್ದಿಯವನು ತಕ್ಕಡಿಯಲ್ಲಿಟ್ಟಾಗ, ಲೇಖಕರ ಹೆಗಲಿಗೆ ಅದು ಎಷ್ಟು ಭಾರವಾಗಿತ್ತೋ ಎಂದು ಕೇಳಬೇಕೆನಿಸುತ್ತದೆ. ಚೌಕಾಸಿಯ ನಡುವೆ ಕೇಳುವ ಮಾತಲ್ಲವೆಂದು ಸುಮ್ಮನಿರುತ್ತೇನೆ.

ಈಗ ನಿಜವಾಗಿ ಓಡುವ ಹಳೆ ಪುಸ್ತಕ ಬೇರೆಯೇ. ಸಪ್ತಾಪುರದ ಕಡೆ ಹೋಗಿ ನೋಡಿ. ಬೀದರಿನಿಂದ, ಬಾಗಲಕೋಟೆಯಿಂದ ಬಂದ ಹುಡುಗರು ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಕೋಚಿಂಗ್ ಹಿಡಿದು ಕೂತಿರುತ್ತಾರೆ. ಒಬ್ಬನ ಗೈಡು ಪರೀಕ್ಷೆ ಮುಗಿದ ಮರುದಿನ ಇನ್ನೊಬ್ಬನ ಕೈಗೆ. ಹಳದಿ ಗೆರೆಯವನು ಪಾಸಾದನೋ, ಗುಲಾಬಿ ಗೆರೆಯವನೋ, ಯಾರಿಗೂ ತಿಳಿಯದು. ಮೂರನೆಯವನು ಹಸಿರು ಗೆರೆ ಎಳೆಯಲು ತಯಾರಾಗಿರುತ್ತಾನೆ. ಸಾಹಿತ್ಯದವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಊಟದ ದುಡ್ಡಿನಲ್ಲಿ ಉಳಿಸಿ ಕೊಂಡ ಪುಸ್ತಕವನ್ನು ನಮಗಿಂತ ಗಮನವಿಟ್ಟು ಅವರು ಓದುತ್ತಾರೆ. ನಾವು ಕೊಂಡವುಗಳಲ್ಲಿ ಅರ್ಧದಷ್ಟು ಹಾಳೆ ಬಿಚ್ಚಿಸಿಕೊಳ್ಳುವುದೂ ಇಲ್ಲ.

ಮನೆ ಖಾಲಿ ಮಾಡುವವರಿಗೆ ಒಂದು ವಿನಂತಿ. ರದ್ದಿಗೆ ಹಾಕುವುದಾದರೆ ಹಾಕಿ, ಬೇಡ ಎನ್ನುವಷ್ಟು ಜಾಗ ನನ್ನ ಮನೆಯಲ್ಲೂ ಇಲ್ಲ. ಆದರೆ ಹೆಸರಿರುವ ಹಾಳೆ ಹರಿಯಬೇಡಿ, ಸಂಪುಟಗಳನ್ನು ಅಗಲಿಸಬೇಡಿ. ಗ್ರಂಥಮಾಲೆಯ ಬೆಳ್ಳಿಹಬ್ಬಕ್ಕೆ ಬಂದ ‘ನಡೆದು ಬಂದ ದಾರಿ’ಗೆ ಮೂರು ಸಂಪುಟ. ನನ್ನಲ್ಲಿ ಎರಡಿವೆ. ಮೂರನೆಯದು ನಿಮ್ಮ ಅಟ್ಟದ ಮೇಲಿದ್ದರೆ, ತೂಕಕ್ಕೆ ಹಾಕುವ ಮುಂಚೆ ದಯವಿಟ್ಟು ಒಂದು ಮಾತು ತಿಳಿಸಿ.